ದೊಡ್ಡಪ್ಪನ ಫೋಟೋಗೆ ಬಣ್ಣ ಬಳಿದೆವು

ಹೋದ ತಿಂಗಳು ನಾವೆಲ್ಲ ಸೇರಿ ನಮ್ಮ ದೊಡ್ಡಪ್ಪನ ಮುಖಕ್ಕೆ ಬಣ್ಣ ಬಳಿದೆವು.

ದೊಡ್ಡಪ್ಪ ತೀರಿಕೊಂಡು ಐವತ್ತು ವರ್ಷದ ಮೇಲಾಯಿತು. ಬಣ್ಣ ಬಿದ್ದದ್ದು ಅವನ ಫೋಟೋದ ಮೇಲೆ. ಮನೆಯಲ್ಲಿದ್ದ ಒಂದೇ ಒಂದು ಫೋಟೋದ ಮೇಲೆ! (ಬೈಯುವ ಮೊದಲು ಪೂರ್ತಿ ಓದಿ. ಬೈಯಲು ಭಾನುವಾರವಿಡೀ ಇದೆ.) ಬಳಿಯಿರಿ ಅಂತ ಹಟ ಹಿಡಿದದ್ದು ಯಾರು ಗೊತ್ತೇ? ದೊಡ್ಡಮ್ಮ. ಅವನ ಹೆಂಡತಿ.

ನನಗಿನ್ನೂ ಆ ಗುಂಗು ಇಳಿದಿಲ್ಲ. ತರಕಾರಿ ಕೊಳ್ಳಲು ಹೋದರೂ ಇದನ್ನೇ ಹೇಳುತ್ತಿದ್ದೇನೆ. ನಿಮಗೆ ಹೇಳದೆ ಬಿಡುತ್ತೇನೆಯೇ?

ಇದೆಲ್ಲ ಶುರುವಾದದ್ದು ಗೌರಿಯಿಂದ. ಗೌರಿ ನನ್ನ ಕಾಲೇಜು ದಿನಗಳ ಗೆಳತಿ, ಬಳ್ಳಾರಿಯಲ್ಲೇ ಇರುವ ಅಬ್‌ಸ್ಟ್ರ್ಯಾಕ್ಟ್ ಪೇಂಟರ್. ಹಾಗೆಂದರೇನು ಅಂತ ನನ್ನನ್ನು ಕೇಳಬೇಡಿ. ಮೂಗು, ಬಾಯಿ, ಮರ, ಮನೆ ಯಾವುದೂ ಇಲ್ಲದ ಚಿತ್ರ ಬರೆಯುವವಳು ಅಂತಿಟ್ಟುಕೊಳ್ಳಿ. ಹಿಂದೆ ಜೀನ್ಸ್ ಪ್ಯಾಂಟ್ ಹೊಲಿಯುತ್ತಿದ್ದ ಒಂದು ಶೆಡ್ಡನ್ನು ಬಾಡಿಗೆಗೆ ಹಿಡಿದು ಅಲ್ಲೇ ಕೆಲಸ ಮಾಡುತ್ತಾಳೆ. ನೆಲದ ಸಂದಿಯಲ್ಲಿ ಈಗಲೂ ನೀಲಿ ದಾರದ ತುಂಡುಗಳು ಸಿಗುತ್ತವೆ.

ಈ ಗೌರಿ ಬಿಳಿ ಕ್ಯಾನ್ವಾಸ್ ಮುಟ್ಟುವುದೇ ಇಲ್ಲ. ಅವಳಿಗೆ ಮೊದಲೇ ಒಂದು ಚಿತ್ರ ಬೇಕು. ಹಳೇ ಕ್ಯಾಲೆಂಡರ್, ಕಟಿಂಗ್ ಶಾಪಿನ ಪೋಸ್ಟರ್, ಹುಟ್ಟುಹಬ್ಬಕ್ಕೆ ಶುಭ ಕೋರುವ ಫ್ಲೆಕ್ಸ್, ಯಾರದೋ ಮನೆಯಲ್ಲಿ ಬೇಡವಾದ ಸೀನರಿ, ಏನಾದರೂ ಸರಿ. ಅದನ್ನು ಕಣ್ಣೆದುರು ನೇತುಹಾಕಿಕೊಂಡು ದಿನಗಟ್ಟಲೆ ದಿಟ್ಟಿಸುತ್ತಾಳೆ. ಅದರೊಂದಿಗೇ ಚಹಾ, ಅದರೊಂದಿಗೇ ಊಟ. ಆಮೇಲೆ ಒಂದು ದಿನ ಅದರ ಮೇಲೆಯೇ ಬಣ್ಣ ಹಾಕಲು ಶುರು ಮಾಡುತ್ತಾಳೆ. ತೆಳ್ಳಗೆ, ಒಂದರ ಮೇಲೊಂದು ಪದರ. ಕೊನೆಗೆ ಕೆಳಗಿನ ಚಿತ್ರ ಕಾಣುವುದಿಲ್ಲ. ಆದರೆ ಅಲ್ಲೇ ಇರುತ್ತದೆ.

ತೆಕ್ಕಲಕೋಟೆ ಹತ್ತಿರ ಭತ್ತದ ರಾಶಿಗೆ ಹೊದಿಸಿದ್ದ ಒಬ್ಬ ನಾಯಕರ ಫ್ಲೆಕ್ಸನ್ನು ರೈತರಿಗೆ ಬೇರೆ ತಾಡಪತ್ರಿ ಕೊಡಿಸಿ ಎತ್ತಿಕೊಂಡು ಬಂದಿದ್ದಳು. ಕೈ ಮುಗಿದು ನಿಂತಿದ್ದ ಆ ನಾಯಕರು ಈಗ ಬೂದಿ ಮತ್ತು ಹಸಿರು ಬಣ್ಣದ ಒಂದು ಚೌಕ. ಬಹಳ ಶಾಂತವಾಗಿದ್ದಾರೆ.

ಅವಳಿಗೆ ಎರಡು ನಿಯಮಗಳಿವೆ. ದೇವರ ಚಿತ್ರಕ್ಕೆ ಕೈ ಹಚ್ಚುವುದಿಲ್ಲ. (ಇದೇ ಊರಲ್ಲಿ ಬಾಳ್ವೆ ಮಾಡಬೇಕಲ್ಲ!) ಬಣ್ಣ ಹಾಕುವ ಮೊದಲು ಹಳೆಯ ಚಿತ್ರದ ಫೋಟೋ ತೆಗೆದಿಟ್ಟುಕೊಳ್ಳುವುದಿಲ್ಲ. ಮುಚ್ಚಿದ್ದು ಮುಚ್ಚಿತು. ವಾಪಸ್ ಹೋಗಲು ದಾರಿ ಇದ್ದರೆ ಕೈ ಮುಂದಕ್ಕೆ ಹೋಗುವುದಿಲ್ಲ ಅನ್ನುವುದು ಅವಳ ವಾದ.

ಇದೆಲ್ಲ ನನಗೆ ತಿಳಿಯುತ್ತಿತ್ತೇ? ಎಲ್ಲಿಂದ! ನಮ್ಮ ಮನೆಯ ಹಂಸದ ಸೀನರಿಯನ್ನು ಒಯ್ದು, ಅದರ ಮೇಲೆ ಬಣ್ಣ ಹಾಕಿ ತಂದುಕೊಟ್ಟಳು. ನಾನು ಹೆಮ್ಮೆಯಿಂದ ಹಾಲ್‌ನಲ್ಲಿ ತೂಗುಹಾಕಿದೆ. ಎಷ್ಟೋ ತಿಂಗಳ ಮೇಲೆ ಮನೆಗೆ ಬಂದವಳು ಅದನ್ನು ನೋಡಿ, ತಲೆಕೆಳಗಾಗಿ ಹಾಕಿದ್ದೀಯಲ್ಲೇ ಅಂದಳು. ತಿರುಗಿಸಲು ಹೋದರೆ, ಇರಲಿ ಬಿಡು, ಹೀಗೂ ಚೆನ್ನಾಗಿದೆ ಅಂದಳು. ಇಂಥ ಕಲೆಯನ್ನು ಯಾರಾದರೂ ಗಂಭೀರವಾಗಿ ತೆಗೆದುಕೊಳ್ಳಲು ಸಾಧ್ಯವೇ? ಹೋದ ತಿಂಗಳವರೆಗೆ ನನಗೂ ಸಾಧ್ಯವಾಗಿರಲಿಲ್ಲ.

ಹೋದ ತಿಂಗಳು ಗೌರಿಯನ್ನು ಕರೆದುಕೊಂಡು ಸಿರುಗುಪ್ಪಕ್ಕೆ ಹೋದೆ. ಅಲ್ಲಿ ನಮ್ಮ ದೊಡ್ಡಮ್ಮ ಇದ್ದಾಳೆ, ನನ್ನ ಅಮ್ಮನ ಅಕ್ಕ. ಜೊತೆಗೆ ಅವಳ ಒಬ್ಬನೇ ಮಗ ಬಸಣ್ಣ ಮತ್ತು ಅವನ ಸಂಸಾರ. ಬಸಣ್ಣನಿಗೆ ಊರಲ್ಲಿ ಗೊಬ್ಬರದ ಅಂಗಡಿ. ಮಧ್ಯಾಹ್ನ ದೊಡ್ಡಮ್ಮ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸುತ್ತಿದ್ದಳು, ನಾವು ನೆಲದ ಮೇಲೆ ಸಾಲಾಗಿ ಕೂತು ಉಣ್ಣುತ್ತಿದ್ದೆವು. ಈ ಹುಡುಗಿ ಏನು ಮಾಡುತ್ತಾಳೆ ಅಂತ ದೊಡ್ಡಮ್ಮ ಕೇಳಿದಳು. (ಐವತ್ತು ದಾಟಿದ ಗೌರಿ 'ಹುಡುಗಿ' ಅನ್ನಿಸಿಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.) ಮೊದಲೇ ಇರುವ ಚಿತ್ರದ ಮೇಲೆ ಬಣ್ಣ ಹಾಕುತ್ತಾಳೆ, ಹಳೆಯದು ಕಾಣದ ಹಾಗೆ ಮಾಡುತ್ತಾಳೆ ಅಂತ ವಿವರಿಸಿದೆ. ನಗುತ್ತಾಳೆ ಅಂದುಕೊಂಡಿದ್ದೆ.

ದೊಡ್ಡಮ್ಮ ನಗಲಿಲ್ಲ. ಬಡಿಸುವ ಸೌಟು ಕೆಳಗಿಟ್ಟಳು. ಎದುರಿನ ಗೋಡೆಯ ಮೇಲಿದ್ದ ದೊಡ್ಡಪ್ಪನ ಫೋಟೋ ತೋರಿಸಿದಳು.

"ಅದರ ಮ್ಯಾಲೆ ಹಾಕ್ತೀಯೇನವ್ವಾ?"

ಎಲ್ಲರ ಕೈ ತಟ್ಟೆಯಲ್ಲೇ ನಿಂತಿತು. ಬಸಣ್ಣನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಆ ಫೋಟೋ ಏನು ಅಂತ ನಿಮಗೆ ಹೇಳಲೇಬೇಕು. ಕಪ್ಪು ಬಿಳುಪಿನದು. ಹಣೆಗೆ ವಿಭೂತಿ, ಹೆಗಲ ಮೇಲೆ ವಲ್ಲಿ, ಗಾಜಿನ ಚೌಕಟ್ಟು, ಗಂಧದ ಹಾರ. ಎಲ್ಲಕ್ಕಿಂತ ಮೊದಲು ಕಾಣುವುದು ಕಣ್ಣು. ಅಬ್ಬಾ, ಎಂಥ ಕಣ್ಣು! ದೊಡ್ಡವು, ಅಗಲವಾದವು, ನಾಟಕದ ರಾಜನ ಹಾಗೆ ನೇರ ನಿಮ್ಮನ್ನೇ ನೋಡುವಂಥವು. ಎಡಗಣ್ಣಿನ ಮೂಲೆಯಲ್ಲೊಂದು ಬಿಳಿ ಚುಕ್ಕೆ. ಚಿಕ್ಕಂದಿನಲ್ಲಿ ಆ ಕೋಣೆಯ ಡಬ್ಬಿಯಿಂದ ನಾವು ಉಂಡೆ ಕದಿಯುತ್ತಿರಲಿಲ್ಲ. ದೊಡ್ಡಪ್ಪ ನೋಡುತ್ತಾನೆ ಅಂತ ಭಯ.

ಬಸಣ್ಣನಿಗೆ ಅಪ್ಪ ಅಂದರೆ ಆ ಫೋಟೋನೇ. ದೊಡ್ಡಪ್ಪ ಕುರುಗೋಡಿನಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿಕೊಂಡಿದ್ದವನು. ಜ್ವರ ಬಂದು ತೀರಿಕೊಂಡಾಗ ಬಸಣ್ಣನಿಗೆ ಇನ್ನೂ ಮಾತು ತೊದಲು. ನೆನಪು ಅಂತ ಒಂದಿಷ್ಟೂ ಇಲ್ಲ. ಆಮೇಲೆ ತಾಯಿ ಮಗ ಸಿರುಗುಪ್ಪಕ್ಕೆ ಬಂದರು, ಫೋಟೋ ಜೊತೆಗೆ ಬಂತು. ಇವತ್ತಿಗೂ ಅಣ್ಣ ಅದರ ಮುಂದೆ ನಿಂತು ಎರಡು ಮಾತಾಡದೆ ಅಂಗಡಿಗೆ ಹೋಗುವುದಿಲ್ಲ. ಬೋರ್ ಎಲ್ಲಿ ಕೊರೆಸಲಿ, ಮಗಳಿಗೆ ಈ ಸಂಬಂಧ ಆದೀತೇ, ಎಲ್ಲ ಅಲ್ಲೇ ಕೇಳುತ್ತಾನೆ. ಅವನ ಒಂದೇ ಕೊರಗೆಂದರೆ ಅಪ್ಪನ ಕಣ್ಣು ತನಗೆ ಬರಲಿಲ್ಲ ಅನ್ನುವುದು. ಅವನವು ಸಣ್ಣ ಕಣ್ಣು, ನಕ್ಕರೆ ಎರಡು ಗೆರೆ. ನಮ್ಮ ಬಳಗಕ್ಕೆಲ್ಲ ಆ ಕೊರಗಿದೆ.

ಅಣ್ಣನಿಗೆ ಸಿಟ್ಟು ಬಂತು. (ಅವನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. ನಮ್ಮ ಕಡೆ ಇದು ಮಾಮೂಲಿ.) ತೆಲುಗಿನಲ್ಲಿ ಒಂದಿಷ್ಟು ಹಾರಾಡಿ, ಕನ್ನಡಕ್ಕೆ ಬಂದು, ನಿನಗೆ ತಲೆ ಸರಿ ಇದೆಯೇನವ್ವಾ ಅಂತ ಕೇಳಿದ.

ದೊಡ್ಡಮ್ಮ ಆಗ ಹೇಳಿದ್ದನ್ನು ಕೇಳಿ ನನಗೆ ಕೈ ತೊಳೆಯುವುದೇ ಮರೆತುಹೋಯಿತು.

ದೊಡ್ಡಪ್ಪ ಬದುಕಿದ್ದಾಗ ಒಂದೂ ಫೋಟೋ ತೆಗೆಸಿರಲಿಲ್ಲ. ಮದುವೆಯದೂ ಇಲ್ಲ. ಹೋದ ದಿನ ಹಿರಿಯರಿಗೆ ಆ ನೆನಪಾಯಿತು. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಕುರುಗೋಡಿನ ಫೋಟೋ ಸ್ಟುಡಿಯೋದವನನ್ನು ಕರೆಸಿದರು. ಆಗೆಲ್ಲ ಹಾಗೆ ಮಾಡುತ್ತಿದ್ದರು. ಕೊನೆಗಾದರೂ ಒಂದು ಇರಲಿ ಅಂತ. ಕಣ್ಣು ಮುಚ್ಚಿದ ಫೋಟೋವನ್ನು ಗೋಡೆಗೆ ಹಾಕಲಾಗುತ್ತದೆಯೇ? ಅದಕ್ಕೇ ಸ್ಟುಡಿಯೋದವನು ಬ್ರಷ್ ಹಿಡಿದು, ಪ್ರಿಂಟಿನ ಮೇಲೆ ತೆರೆದ ಕಣ್ಣು ಬರೆದು ಕೊಟ್ಟ. ಅವನು ದೊಡ್ಡಪ್ಪನನ್ನು ಬದುಕಿದ್ದಾಗ ಎದುರಿಗೆ ಕೂತು ನೋಡಿದವನೇ ಅಲ್ಲ.

"ಅವು ನಿಮ್ಮಪ್ಪನ ಕಣ್ಣಲ್ಲೋ ಬಸು" ಅಂದಳು ದೊಡ್ಡಮ್ಮ. "ಇಷ್ಟು ವರ್ಷ ಪರರ ಕಣ್ಣು ನೋಡಿಕೋತ ಕುಂತೀನಿ."

ಹಾಗಾದರೆ ಇಷ್ಟು ದಿನ ಯಾಕೆ ಹೇಳಲಿಲ್ಲ? ನಾನೇ ಕೇಳಿದೆ. ತಂದೆಯಿಲ್ಲದ ಕೂಸು ಏನೋ ಒಂದನ್ನು ಹಿಡಿದುಕೊಂಡಿತ್ತು, ಅದನ್ನೂ ಕಸಿಯಲು ಮನಸ್ಸು ಬರಲಿಲ್ಲವಂತೆ. ದೊಡ್ಡಪ್ಪನನ್ನು ಕಂಡಿದ್ದ ಹಿರಿಯರು ಒಬ್ಬೊಬ್ಬರೇ ಹೋದರು. ಉಳಿದವರಿಗೆ ಫೋಟೋದ ಮುಖವೇ ಅಭ್ಯಾಸವಾಯಿತು. (ನನ್ನ ಅಮ್ಮನೂ ಅಷ್ಟೇ. ಭಾವನ ಕಣ್ಣು ಅಂದರೆ ಕಣ್ಣು ಅಂತ ಹೊಗಳುತ್ತಿದ್ದಳು!) ದೊಡ್ಡಮ್ಮ ಮಾತ್ರ ಮನಸ್ಸಿನೊಳಗೆ ಗಂಡನ ನಿಜವಾದ ಕಣ್ಣನ್ನು ಕಾಪಾಡಿಕೊಂಡು ಬಂದಿದ್ದಳು.

ಈಗ ಅದೂ ಜಾರತೊಡಗಿದೆ.

"ಇತ್ತಿತ್ತಲಾಗ ಕಣ್ಣು ಮುಚ್ಚಿದ್ರೂ ಇವೇ ಬರ್ತಾವವ್ವಾ. ಅವರವು ಬರವಲ್ವು. ನಾ ಸಾಯೋದ್ರಾಗ ಒಮ್ಮೆ ಅವರ ಮುಖ ನನಗ ಬೇಕು."

ಫೋಟೋ ಇಳಿಸಿ ಟ್ರಂಕಿನಲ್ಲಿಟ್ಟರಾಯಿತಲ್ಲ ಅಂದೆ. ಟ್ರಂಕಿನಲ್ಲಿದ್ದರೂ ಅವು ಕಣ್ಣು ಬಿಟ್ಟುಕೊಂಡೇ ಇರುತ್ತವೆ ಅಂದಳು. ಮೊಬೈಲ್‌ನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಂಡು ಆಮೇಲೆ ಬಣ್ಣ ಹಾಕಿಸೋಣ ಅಂತ ನಾನು ಬುದ್ಧಿವಂತಿಕೆ ತೋರಿಸಿದೆ. ನಾಳೆ ನೀವು ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮತ್ತೆ ಇಲ್ಲೇ ತೂಗುಹಾಕುತ್ತೀರಿ ಅಂತ ನನ್ನ ಬಾಯಿ ಮುಚ್ಚಿಸಿದಳು. ಗೌರಿಯ ನಿಯಮವನ್ನು ಅವಳಿಗೆ ಯಾರೂ ಹೇಳಿರಲಿಲ್ಲ! ಗೌರಿ ನನ್ನತ್ತ ನೋಡಿದಳು.

ಆದರೆ ಬಸಣ್ಣ ನಂಬಲು ತಯಾರಿರಲಿಲ್ಲ. ಅವ್ವನಿಗೆ ವಯಸ್ಸಾಯಿತು, ಏನೇನೋ ಹೇಳುತ್ತಾಳೆ ಅಂದ. ಆ ಮಾತಿಗೆ ದೊಡ್ಡಮ್ಮನ ಮುಖ ಸಣ್ಣದಾಯಿತು. ಸಂಸಾರ ಮಾಡಿದವಳು ನಾನು, ಸಾಕ್ಷಿ ನನ್ನನ್ನೇ ಕೇಳುತ್ತೀಯಾ ಅಂದು ಒಳಗೆ ಹೋದಳು. ಅಣ್ಣ ಕಾರಿನ ಕೀ ತೆಗೆದುಕೊಂಡ. ಕುರುಗೋಡಿನ ಹಳೇ ಓಣಿಯಲ್ಲಿ ಇನ್ನೂ ಗೊತ್ತಿದ್ದವರಿದ್ದಾರೆ, ಕೇಳಿಯೇ ಬಿಡೋಣ ಅಂತ ನಮ್ಮಿಬ್ಬರನ್ನೂ ಹತ್ತಿಸಿಕೊಂಡ.

ಗುಡ್ಡದ ಬುಡದ ಆ ಓಣಿಗೆ ನಾನು ಹೋಗಿ ಬಹಳ ವರ್ಷವಾಗಿತ್ತು. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಸ್ಟುಡಿಯೋದವನು ಯಾವತ್ತೋ ಹೋಗಿದ್ದಾನೆ. ದೊಡ್ಡಮ್ಮನ ಹಳೇ ಮನೆಯ ಎದುರು ಮನೆಗೆ ಹೋದೆವು. ಮನೆಯವರು ಬರ್ರಿ ಬರ್ರಿ ಅಂತ ಚಾಪೆ ಹಾಸಿದರು. ಕೂತು ತಲೆ ಎತ್ತಿದೆ.

ಗೋಡೆಯ ಮೇಲಿಂದ ದೊಡ್ಡಪ್ಪ ನನ್ನನ್ನು ನೋಡುತ್ತಿದ್ದ. ಸೀರೆ ಉಟ್ಟುಕೊಂಡು!

ಇಲ್ಲ, ಅದು ಆ ಮನೆಯ ಅಜ್ಜಿಯ ಫೋಟೋ. ಮೂಗುಬೊಟ್ಟು, ತಲೆ ಮೇಲೆ ಸೆರಗು, ಎಲ್ಲ ಸರಿ. ಕಣ್ಣು ಮಾತ್ರ ದೊಡ್ಡಪ್ಪನವು. ಅದೇ ಅಗಲ, ಅದೇ ನಾಟಕದ ರಾಜನ ನೋಟ, ಎಡಗಣ್ಣಿನ ಮೂಲೆಯಲ್ಲಿ ಅದೇ ಬಿಳಿ ಚುಕ್ಕೆ. ಗೌರಿ ನನ್ನ ತೊಡೆ ಚಿವುಟಿದಳು. ನಮ್ಮ ಅಜ್ಜಿಯ ಕಣ್ಣು ಇಡೀ ಓಣಿಗೇ ಹೆಸರುವಾಸಿ ಅಂತ ಮನೆಯವರು ಹೆಮ್ಮೆಯಿಂದ ಹೇಳಿದರು. ಹೌದು ಹೌದು ಅಂದೆ. ಇನ್ನೇನು ಹೇಳಲಿ?

ಎರಡನೆಯ ಮನೆಯಲ್ಲಿ ತಲೆಗೆ ಪಟಗ ಸುತ್ತಿದ ಮೀಸೆ ತಾತ. ಅದೇ ಕಣ್ಣು. ಮೂರನೆಯ ಮನೆಯಲ್ಲಿ ಎಳೆ ವಯಸ್ಸಿಗೇ ಹೋದ ಸೊಸೆ. ಅದೇ ಕಣ್ಣು! ಸ್ಟುಡಿಯೋದವನಿಗೆ ಬರುತ್ತಿದ್ದದ್ದು ಅದೊಂದೇ ಜೊತೆ. ಓಣಿಯ ಸತ್ತವರಿಗೆಲ್ಲ ಅದನ್ನೇ ಹಂಚಿ ಹೋಗಿದ್ದಾನೆ. ಮನೆಮನೆಯ ಗೋಡೆಯ ಮೇಲೆ ಕೂತು ಅವನ ಒಂದೇ ಜೊತೆ ಕಣ್ಣು ಮಕ್ಕಳು ಮೊಮ್ಮಕ್ಕಳನ್ನು ಹೆದರಿಸುತ್ತಿದೆ. ನನಗೆ ನಗು ತಡೆಯಲಾಗಲಿಲ್ಲ, ಅಳುವೂ ಬಂತು. ಎರಡನ್ನೂ ಕೆಮ್ಮಿನಲ್ಲಿ ಮುಚ್ಚಿಕೊಂಡೆ.

ಬಸಣ್ಣ ಕೆಮ್ಮಲಿಲ್ಲ. ಆ ಮೂರನೆಯ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಹೊರಟು ನಿಂತ ಅಣ್ಣನನ್ನು ತಡೆದು, ಮುಖ ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. ನಾವಿನ್ನೂ ಹೆಸರು ಹೇಳಿರಲಿಲ್ಲ.

"ಮೆಣಸಿನಕಾಯಿ ವೀರೇಶಪ್ಪನ ಮಗ ಅಲ್ಲೇನಪಾ ನೀನು? ಅವನೂ ಹಿಂಗೇ ಇದ್ದ. ನಕ್ರ ಕಣ್ಣು ಮುಚ್ಚೇ ಹೋಗ್ತಿದ್ವು."

ವೀರೇಶಪ್ಪ ಅಂದರೆ ದೊಡ್ಡಪ್ಪ. ಬಸಣ್ಣ ಕಾರಿಗೆ ಬಂದು ಕೂತ. ಬಹಳ ಹೊತ್ತು ಗಾಡಿ ಶುರು ಮಾಡಲಿಲ್ಲ. ಮೇಲಿದ್ದ ಪುಟ್ಟ ಕನ್ನಡಿಯನ್ನು ತನ್ನತ್ತ ತಿರುಗಿಸಿಕೊಂಡು ಅದರಲ್ಲಿ ನೋಡುತ್ತಿದ್ದ. ಅವನ ವಯಸ್ಸಿನ ಗಂಡಸು ತನ್ನ ಕಣ್ಣನ್ನು ಅಷ್ಟು ಆಸೆಯಿಂದ ನೋಡಿಕೊಂಡದ್ದನ್ನು ನಾನು ಕಂಡಿರಲಿಲ್ಲ.

ನಾನು ಹಿಂದಿನ ಸೀಟಿನಲ್ಲಿ ಮೊಬೈಲ್ ತೆಗೆದೆ. ವಾಟ್ಸಾಪ್‌ನಲ್ಲಿ ನನ್ನದೇ ಡಿಪಿ ಕಂಡಿತು. ಫಿಲ್ಟರ್ ಹಾಕಿದ್ದು. ನುಣ್ಣನೆಯ ಕೆನ್ನೆ, ಹೊಳೆಯುವ ಅಗಲ ಕಣ್ಣು. ಸ್ಟುಡಿಯೋದವನು ಸತ್ತವರಿಗೆ ಮಾತ್ರ ಕಣ್ಣು ಬರೆಯುತ್ತಿದ್ದ. ನಾವು ಉಸಿರಾಡುತ್ತಿರುವಾಗಲೇ ಬರೆಸಿಕೊಳ್ಳುತ್ತಿದ್ದೇವೆ, ಅದೂ ನಾಡಿಗೆಲ್ಲ ಒಂದೇ ಜೊತೆ. ತೆಗೆದುಹಾಕೋಣ ಅಂದುಕೊಂಡೆ. (ತೆಗೆದಿಲ್ಲ. ಚೆನ್ನಾಗಿ ಕಾಣುತ್ತದೆ, ಏನು ಮಾಡಲಿ?)

ವಾಪಸ್ ಬರುವಾಗ ಬಸಣ್ಣನಿಗೊಂದು ಉಪಾಯ ಹೊಳೆಯಿತು. ಇಡೀ ಫೋಟೋ ಮುಚ್ಚುವುದು ಬೇಡ, ತಪ್ಪು ಕಣ್ಣಿನ ಮೇಲೆ ಸರಿಯಾದ ಕಣ್ಣು ಬರೆದುಬಿಡಿ, ಬೇಕಾದರೆ ನನ್ನ ಕಣ್ಣನ್ನೇ ನೋಡಿ ಬರೆಯಿರಿ ಅಂತ ಗೌರಿಗೆ ಹೇಳಿದ. ಎಷ್ಟು ಒಳ್ಳೆಯ ಉಪಾಯ! ನಾನು ಆಗಲೇ ಚಪ್ಪಾಳೆ ತಟ್ಟಿದೆ.

ಗೌರಿ ಆಗುವುದಿಲ್ಲ ಅಂದಳು.

"ನಾನೂ ನಿಮ್ಮಪ್ಪನ್ನ ನೋಡಿಲ್ಲ ಅಣ್ಣಾ. ನೋಡದವರ ಕಣ್ಣು ಬರೆದ್ರ ನಾನೂ ಆ ಸ್ಟುಡಿಯೋದವನೇ ಆಗ್ತೀನಿ. ಬಣ್ಣ ಹಾಕ್ತೀನಿ. ಮುಖ ಮಾಡಂಗಿಲ್ಲ."

ಅಲ್ಲಿಯವರೆಗೆ ಅಬ್‌ಸ್ಟ್ರ್ಯಾಕ್ಟ್ ಅಂದರೆ ಮುಖ ಬರೆಯಲು ಬರದವರ ಕೆಲಸ ಅಂದುಕೊಂಡಿದ್ದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಬರೆಯದಿರುವುದಕ್ಕೆ ಎಷ್ಟು ಗಟ್ಟಿತನ ಬೇಕು ಅಂತ ಆ ಕಾರಿನಲ್ಲಿ ಹೊಳೆಯಿತು. ನನ್ನ ಹಂಸದ ಸೀನರಿಯ ಬಗ್ಗೆ ಅಷ್ಟು ಹಗುರವಾಗಿ ಮಾತಾಡಿದ್ದಕ್ಕೆ ನಾಚಿಕೆಯಾಯಿತು.

ಮುಂದಿನ ವಾರ ದೊಡ್ಡಮ್ಮ ಬಳ್ಳಾರಿಗೆ ಬಂದಳು, ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು. ಗೌರಿ ಅದನ್ನು ಚೌಕಟ್ಟಿನಿಂದ ಬಿಡಿಸಿ, ದೊಡ್ಡ ಹಲಗೆಯೊಂದರ ನಡುವೆ ಅಂಟಿಸಿ, ಎದುರಿಗೆ ನಿಲ್ಲಿಸಿದಳು. ಆಮೇಲೆ ನೋಡಿ, ನನ್ನ ಮನೆಯಲ್ಲಿ ಉಳಿದ ದೊಡ್ಡಮ್ಮ ದಿನಾ ಆ ಶೆಡ್ಡಿಗೆ ಹೋಗಿ ಕೂರತೊಡಗಿದಳು. ನಾನು ಒಗ್ಗಾಣಿ ಮಿರ್ಚಿ ಕಟ್ಟಿಸಿಕೊಂಡು ಹೋಗುತ್ತಿದ್ದೆ. ಗೌರಿ ಬಣ್ಣ ಕಲೆಸಿ ತೋರಿಸುವುದು, ದೊಡ್ಡಮ್ಮ ತಲೆ ಅಲ್ಲಾಡಿಸುವುದು. ದೊಡ್ಡಪ್ಪ ಸಂಜೆ ಮನೆಗೆ ಬಂದರೆ ಅಂಗಿಯ ತುಂಬ ಮೆಣಸಿನಕಾಯಿ ಪುಡಿ ಇರುತ್ತಿತ್ತಂತೆ, ಇಡೀ ಮನೆ ಸೀನುತ್ತಿತ್ತಂತೆ. ಆ ಕೆಂಪು ಬೇಕು ಅಂದಳು. ಗೌರಿಯ ಕೆಂಪು ನೋಡಿ, ಇದು ಈ ವರ್ಷದ ಕಾಯಿ, ಅವರದು ಹೋದ ವರ್ಷದ ದಾಸ್ತಾನು, ಇನ್ನೂ ಕಂದಬೇಕು ಅಂದಳು! ಗೌರಿ ಮತ್ತೆ ಕಲೆಸಿದಳು. ಹಾಗೇ ಗುಡ್ಡದ ಬಂಡೆಯ ಬೂದಿ ಬಂತು, ಮಣ್ಣಿನ ಗೋಡೆಗೆ ಬಳಿಯುತ್ತಿದ್ದ ಸುಣ್ಣ ಬಂತು.

ಎಲ್ಲ ತಯಾರಾದ ಮೇಲೂ ಗೌರಿ ಬ್ರಷ್ ಎತ್ತಲಿಲ್ಲ. ಮಗ ಬಂದು ಹೂಂ ಅನ್ನಬೇಕು ಅಂತ ಕೂತಳು.

ಬಸಣ್ಣ ಅಂಗಡಿ ಮುಚ್ಚಿ ಬಂದ. ಮೊಬೈಲ್ ತೆಗೆದು, ಯಾರಿಗೂ ಹೇಳದೆ ಹೊಡೆದಿಟ್ಟುಕೊಂಡಿದ್ದ ಆ ಫೋಟೋದ ಫೋಟೋವನ್ನು ದೊಡ್ಡಮ್ಮನ ಎದುರಿಗೇ ಅಳಿಸಿದ. ಆಮೇಲೆ ಹಲಗೆಯ ಮುಂದೆ ಹೋಗಿ ನಿಂತ. ದಿನಾ ಬೆಳಿಗ್ಗೆ ನಿಲ್ಲುವ ಹಾಗೆಯೇ. ನಾವು ಹೊರಗೆ ಹೋಗಬೇಕಿತ್ತು. ಹೋಗಲಿಲ್ಲ.

"ನೀ ಯಾರೋ ಏನೋ ಗೊತ್ತಿಲ್ಲ" ಅಂದ, ಆ ಕಣ್ಣಿಗೆ. "ಆದ್ರ ಇಷ್ಟು ವರ್ಷ ನನ್ನ ನೋಡ್ಕೊಂಡಿ. ಇನ್ನ ಸಾಕು, ಮಲಕ್ಕೋ."

ಗೌರಿ ಮೊದಲ ಪದರ ಹಾಕಿದಳು. ತೆಳ್ಳನೆಯ ಸುಣ್ಣದ ಬಿಳಿ. ಅದರ ಹಿಂದೆ ಕಣ್ಣು ಸ್ವಲ್ಪ ಹೊತ್ತು ಕಂಡವು, ಆಮೇಲೆ ಇಲ್ಲ. ದೊಡ್ಡಮ್ಮ ತನ್ನ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಏನಾದರೂ ಕಂಡಿತೇ ಅಂತ ಕೇಳಲು ನನ್ನ ನಾಲಿಗೆ ತುರಿಸುತ್ತಿತ್ತು. ಜೀವನದಲ್ಲಿ ಒಮ್ಮೆಯಾದರೂ ಸುಮ್ಮನಿದ್ದೆ ಅಂತ ಬರೆದುಕೊಳ್ಳಿ.

ಈಗ ಸಿರುಗುಪ್ಪದ ಆ ಗೋಡೆಯ ಮೇಲೆ ಕಂದಿದ ಕೆಂಪು ಮತ್ತು ಬೂದಿ ಬಣ್ಣದ ಒಂದು ಹಲಗೆ ಇದೆ. ಬಂದವರೆಲ್ಲ ಇದೇನು ಅಂತ ಕೇಳುತ್ತಾರೆ. ಮೊಮ್ಮಕ್ಕಳು ಕೇಳುತ್ತಾರೆ, ಗೊಬ್ಬರದ ಲೆಕ್ಕಕ್ಕೆ ಮನೆಗೆ ಬಂದ ರೈತರು ಕೇಳುತ್ತಾರೆ. ಫೋಟೋ ಇದ್ದಾಗ ಯಾರೂ ಏನೂ ಕೇಳುತ್ತಿರಲಿಲ್ಲ, ನೋಡಿ ಕೈ ಮುಗಿದು ಕೂರುತ್ತಿದ್ದರು. ಈಗ ಉತ್ತರ ಬೇಕಲ್ಲ? ಉತ್ತರ ಇರುವುದು ದೊಡ್ಡಮ್ಮನ ಬಳಿ ಮಾತ್ರ. ದೊಡ್ಡಪ್ಪ ಈಜು ಬರದಿದ್ದರೂ ಕಾಲುವೆಗೆ ಹಾರಿದ್ದು, ಮದುವೆಯ ದಿನ ಸೀನು ತಡೆಯಲು ಹೋಗಿ ಬಾಸಿಂಗ ಬೀಳಿಸಿಕೊಂಡದ್ದು, ಮಗ ಹುಟ್ಟಿದಾಗ ಕಣ್ಣು ನೋಡಿ ನನ್ನವೇ ನನ್ನವೇ ಅಂತ ಓಣಿ ತುಂಬ ಹೇಳಿಕೊಂಡು ಬಂದದ್ದು.

ಈ ಕೊನೆಯದನ್ನು ಬಸಣ್ಣ ಮೊನ್ನೆ ಫೋನ್ ಮಾಡಿ ಹೇಳಿದ. ಅವ್ವ ಇಷ್ಟನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಇಷ್ಟು ವರ್ಷ ಒಂದು ಮಾತೂ ಆಡಲಿಲ್ಲವಲ್ಲ ಅಂದ. ಫೋನನ್ನು ದೊಡ್ಡಮ್ಮನಿಗೆ ಕೊಡು ಅಂದೆ. ಯಾಕೆ ದೊಡ್ಡಮ್ಮಾ, ಒಂದು ದಿನವೂ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಎಲ್ಲಾರೂ ಫೋಟೋ ನೋಡಿದ್ರಿ. ನನ್ನ ಯಾರು ಕೇಳಿದ್ರಿ?"